ಖಾಲಿ ಮನೆಯಲ್ಲಿಟ್ಟ ಪದಗಳು

ಬೀಗಿತ್ತಿಯ ಜೊತೆ ನಡುವೆ ಯಾರೂ ಇಲ್ಲದೆ ಮಾತಾಡಬೇಕು ಎಂಬ ಒಂದೇ ಕಾರಣಕ್ಕೆ, ನಿವೃತ್ತಿಯಾಗಿ ಎಷ್ಟೋ ವರ್ಷಗಳಾದ ಮೇಲೆ ಸ್ಪ್ಯಾನಿಷ್ ಕಲಿಯಲು ಕೂತ ಒಬ್ಬರನ್ನು ನಾನು ಬಲ್ಲೆ. ಜಯನಗರದ ನಮ್ಮ ಕ್ರಾಸಿನಲ್ಲಿ ಕೆಳಗಿನ ಮನೆ ಅವರದು. ಮೇಲಿನದರಲ್ಲಿ ನಾನು ಬಾಡಿಗೆಗಿದ್ದೇನೆ. ಒಂದು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ಅವರನ್ನು ಆಂಟಿ ಎಂದೇ ಕರೆದು ಅಭ್ಯಾಸ. ಹೆಸರು ಬರೆಯುವುದಿಲ್ಲ. ಅವರು ಟೆಲಿಫೋನ್ ಇಲಾಖೆಯ ಎಕ್ಸ್‌ಚೇಂಜಿನಲ್ಲಿ, ಬೋರ್ಡಿನ ತೂತುಗಳಿಗೆ ತಂತಿ ಚುಚ್ಚಿ ಟ್ರಂಕ್ ಕಾಲ್ ಜೋಡಿಸುವ ಕೆಲಸದಲ್ಲಿದ್ದವರು. "ಆಪರೇಟರಿಗೆ ಹೆಸರಿರಲ್ಲ ಕಣೆ, ಧ್ವನಿ ಮಾತ್ರ" ಎನ್ನುತ್ತಿದ್ದರು. ಆ ಮಾತಿಗೆ ನಾನು ಮರ್ಯಾದೆ ಕೊಡುತ್ತಿದ್ದೇನೆ.

ಈ ಬರಹಕ್ಕೆ ಇನ್ನೊಂದು ಕಾರಣವಿದೆ. ಒಂದು ಗೋಡೆ ಬೀಳುವುದನ್ನು ನಾನು ಕಣ್ಣಾರೆ ಕಂಡೆ. ಅವರು ಅದರ ಕೆಳಗಿದ್ದರು. ನನ್ನ ತಲೆಯೊಳಗೆ ಆ ಗೋಡೆ ಇನ್ನೂ ಬೀಳುತ್ತಲೇ ಇದೆ. ಪಾಠ ಮಾಡುತ್ತಿರುವಾಗ ಬೀಳುತ್ತದೆ, ಬಸ್ಸು ಬ್ರೇಕ್ ಹಾಕಿದಾಗ ಬೀಳುತ್ತದೆ, ಕುಕ್ಕರ್ ಕೂಗುವ ಮುಂಚಿನ ಆ ಬುಸುಗುಟ್ಟುವಿಕೆಯಲ್ಲೂ ಬೀಳುತ್ತದೆ. ನಮ್ಮ ಕಡೆ ಈಗ ಯಾವ ರಸ್ತೆಗೆ ಹೋದರೂ ಒಂದು ಹಳೇ ಮನೆ ಒಡೆಯುತ್ತಿರುತ್ತಾರೆ. ಯಂತ್ರದ ಸದ್ದು ಕೇಳಿದರೆ ಕಾಲು ತಾನಾಗಿ ಆಚೆ ಬದಿಗೆ ದಾಟುತ್ತದೆ. ಹೀಗೇ ಬಿಟ್ಟರೆ ಅವರು ನನ್ನ ನೆನಪಿನಲ್ಲಿ ಆ ಇಟ್ಟಿಗೆಗಳ ಅಡಿಯಲ್ಲೇ ಉಳಿದುಬಿಡುತ್ತಾರೆ. ಅದಕ್ಕೆ ನಾನು ಒಪ್ಪುವುದಿಲ್ಲ. ಗೋಡೆಗೆ ಮುಂಚೆಯೂ ಅವರಿದ್ದರು, ಆಮೇಲೂ ಇದ್ದಾರೆ. ಅದನ್ನೇ ಬರೆಯುತ್ತೇನೆ.

ಸಣ್ಣ ಮೈಕಟ್ಟು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಅದರ ಕೆಳಗೆ ಬಿಳೀ ಸ್ಪೋರ್ಟ್ಸ್ ಶೂ. ಮಾತಿನ ನಡುವೆ ಏನಾದರೂ ಮರೆತರೆ ಅವರ ಬಲಗೈ ತಾನಾಗಿ ಮೇಲೇಳುತ್ತಿತ್ತು. ಹೆಬ್ಬೆರಳು, ತೋರುಬೆರಳು ಸೇರಿ ಕಾಣದ ತಂತಿಯೊಂದನ್ನು ಹಿಡಿದು ಕಾಣದ ತೂತಿಗೆ ಚುಚ್ಚುತ್ತಿದ್ದವು. ಚುಚ್ಚಿದ ಮರುಕ್ಷಣ ಪದ ಬಂದುಬಿಡುತ್ತಿತ್ತು. ಎಕ್ಸ್‌ಚೇಂಜ್ ಬಿಟ್ಟು ಅಷ್ಟು ಕಾಲವಾದರೂ ಕೈಗೆ ಅದು ಗೊತ್ತಿರಲಿಲ್ಲ.

ಅವರ ಮಗಳು ಸ್ಪೇನಿಗೆ ಓದಲು ಹೋಗಿ ಅಲ್ಲಿಯ ಹುಡುಗನನ್ನೇ ಮದುವೆಯಾದಳು. ಅಳಿಯ ಹಡಗಿನಲ್ಲಿ ಕೆಲಸ ಮಾಡುವವನು. ವರ್ಷದ ಅರ್ಧಭಾಗ ನೀರಿನ ಮೇಲೆ. ಬೀಗಿತ್ತಿಯದು ಸಮುದ್ರದ ಪಕ್ಕದ ಒಂದು ಸಣ್ಣ ಊರಿನಲ್ಲಿ ಮೀನಿನ ಅಂಗಡಿ. ನಮ್ಮ ಕ್ರಾಸಿನಲ್ಲಿ ಕೆಲವರು ಈ ಮೀನಿನ ವಿಷಯಕ್ಕೆ ಮೂಗು ಮುರಿದರು. ಇವರು ಮಾತ್ರ, "ಮೀನು ಮಾರಿದ್ರೇನು, ಆಕೆ ಕಣ್ಣು ನೋಡಿದ್ರೆ ಸುಳ್ಳು ಹೇಳೋ ಹೆಂಗಸಲ್ಲ" ಎಂದು ಮಾತು ಮುಗಿಸಿದ್ದರು.

ಮದುವೆ ಇಲ್ಲೇ ಬನಶಂಕರಿಯ ಒಂದು ಛತ್ರದಲ್ಲಿ ಆಯಿತು. ಊಟವಾದ ಮೇಲೆ ಬೀಗಿತ್ತಿ ಇವರ ಎರಡೂ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಬಹಳ ಹೊತ್ತು ಏನೋ ಹೇಳಿದರಂತೆ. ಪಕ್ಕದಲ್ಲಿದ್ದ ಮಗಳು ಅದನ್ನೆಲ್ಲಾ ಕನ್ನಡಕ್ಕೆ ತಿರುಗಿಸಿದ್ದು ಹೀಗೆ: "ಊಟ ಚೆನ್ನಾಗಿತ್ತಂತೆ ಅಮ್ಮ."

ಇದನ್ನು ಹೇಳುವಾಗಲೆಲ್ಲಾ ಅವರಿಗೆ ಹೊಸದಾಗಿ ಸಿಟ್ಟು ಬರುತ್ತಿತ್ತು. "ಅಷ್ಟುದ್ದ ಮಾತು! ಅಷ್ಟು ಕಣ್ಣೀರು! ಬಿಸಿಬೇಳೆಬಾತಿಗಾ? ಮಧ್ಯೆ ಇರೋರು ಏನು ದಾಟಿಸ್ತಾರೆ, ಏನು ನುಂಗ್ತಾರೆ ಅಂತ ನಂಗೆ ಹೇಳ್ಕೊಡ್ಬೇಕಾ? ಜೀವಮಾನ ಎಲ್ಲಾ ಮಧ್ಯೆ ಕೂತಿದ್ದೋಳು ನಾನು."

ಮಗಳು ಬಸುರಿಯಾದಾಗ ಆ ಸಿಟ್ಟು ನಿರ್ಧಾರವಾಯಿತು. ಬಾಣಂತನಕ್ಕೆ ತಾವೇ ಹೋಗುವುದೆಂದು ಗೊತ್ತಾಗಿತ್ತು. ಆದರೆ ಅದಕ್ಕೆ ಮುಂಚಿನ ತಿಂಗಳುಗಳು? "ಅವಳು ಚಿಕ್ಕೋಳಿದ್ದಾಗ್ಲೂ ಹಾಗೇ ಕಣೆ. ಮೈ ಕೆಂಡದ ಥರ ಸುಡ್ತಿದ್ರೂ 'ಏನಿಲ್ಲಮ್ಮ' ಅಂತ ಸ್ಕೂಲ್ ಬ್ಯಾಗ್ ಹಾಕ್ಕೊಳೋಳು. ಈಗ್ಲೂ ಫೋನ್ ಮಾಡಿದ್ರೆ ಚೆನ್ನಾಗಿದೀನಿ, ಚೆನ್ನಾಗಿದೀನಿ. ಅವಳನ್ನ ದಿನಾ ನೋಡೋದು ಆ ಬೀಗಿತ್ತಿ. ಆಕೆ ಹತ್ರ ನಾನು ಕೇಳ್ಬೇಕಾದ್ರೆ ಮಧ್ಯೆ ಇವಳೇ ಕೂತಿರ್ತಾಳೆ. ಮಗಳ ವಿಷಯ ಮಗಳ ಬಾಯಿಂದ್ಲೇ ಕೇಳಿಸ್ಕೊಂಡ್ರೆ ನಂಗೇನು ಸಿಗತ್ತೆ?"

"ಅಳಿಯನಿಗೆ ಇಂಗ್ಲಿಷ್ ಬರುತ್ತಲ್ಲ ಆಂಟಿ?"

"ಅವನು ಹಡಗಿನ ಮೇಲಿಂದ ಎಲ್ಲಾ ಓಕೆ ಅಂತಾನೆ. ದಡದಲ್ಲಿದ್ರೂ ಅದೇ ಅಂತಾನೆ."

"ಫೋನೇ ಅನುವಾದ ಮಾಡುತ್ತಲ್ಲ ಈಗ."

"ಅದೂ ಮಧ್ಯದವನೇ ಅಲ್ವೇನೇ? ಯಂತ್ರ ಮುಂದಿಟ್ಕೊಂಡು ಯಾರಾದ್ರೂ ಮನಸ್ಸು ಬಿಚ್ತಾರಾ?"

ಮೊದಲು ಜೆ.ಪಿ. ನಗರದ ಒಂದು ಕ್ಲಾಸಿಗೆ ಸೇರಿದರು. ಅಲ್ಲಿದ್ದವರೆಲ್ಲಾ ಅರ್ಧ ವಯಸ್ಸಿನವರು. ಫೋನಿನಲ್ಲಿ ಆಟದ ಹಾಗೆ ಪದ ಕಲಿಯುವುದನ್ನು ತೋರಿಸಿಕೊಟ್ಟರಂತೆ. ಸ್ವಲ್ಪ ದಿನ ಅದನ್ನೂ ಮಾಡಿದರು. "ಫೋನು ಟಿಂಗ್ ಅಂತ ಶಾಬಾಷ್ ಹೇಳತ್ತೆ. ಮಾರನೇ ದಿನ ತಲೆ ಖಾಲಿ. ಶಾಬಾಷ್ ಯಾರಿಗೆ ಬೇಕು, ಪದ ಬೇಕು ನಂಗೆ." ಕ್ಲಾಸು ಬಿಟ್ಟು ತಮ್ಮದೇ ದಾರಿ ಹಿಡಿದರು.

ಎಕ್ಸ್‌ಚೇಂಜಿನಲ್ಲಿ ಅವರಿಗೆ ಎಷ್ಟೋ ಊರುಗಳ ಎಷ್ಟೋ ನಂಬರು ಬಾಯಲ್ಲಿದ್ದವು. ಎಲ್ಲರೂ ಅವರ ಜ್ಞಾಪಕಶಕ್ತಿಯನ್ನು ಹೊಗಳುತ್ತಿದ್ದರು. "ನಂಬರ್ ಯಾರಿಗೆ ನೆನಪಿರತ್ತೆ? ನಂಗೆ ನೆನಪಿದ್ದಿದ್ದು ಜಾಗ. ಬೋರ್ಡಿನ ಮೇಲೆ ಇಂಥಾ ಮೂಲೆ, ಇಂಥಾ ಸಾಲು. ಕೈ ಅಲ್ಲಿಗೆ ಹೋದ್ರೆ ನಂಬರ್ ತಾನಾಗೇ ಬರ್ತಿತ್ತು." ಈಗ ಬೋರ್ಡಿಲ್ಲ. ಆದರೆ ನಮ್ಮ ಕ್ರಾಸಿದೆ. ಮದುವೆಯಾಗಿ ಬಂದಾಗಿನಿಂದ ಅವರು ದಿನಾ ನೋಡಿದ, ಕಣ್ಣುಮುಚ್ಚಿಕೊಂಡೂ ನಡೆಯಬಲ್ಲ ರಸ್ತೆ. ಒಂದೊಂದು ಮನೆಗೆ ಒಂದೊಂದು ಪದ ಕೂರಿಸತೊಡಗಿದರು.

ಬೆಳಗಿನ ವಾಕಿಂಗಿಗೆ ಅವರ ಜೊತೆ ಹೋಗುತ್ತಿದ್ದ ನನಗೆ ಆ ರಸ್ತೆ ನಿಧಾನವಾಗಿ ಬೇರೆಯೇ ಆಗಿ ಕಾಣತೊಡಗಿತು. ಮೊದಲ ಮನೆಯ ಗೇಟಿಗೆ ನೇತುಹಾಕಿದ ಚೀಲದಿಂದ ಹಾಲು ಉಕ್ಕಿ ಮೆಟ್ಟಿಲಿಳಿದು ಬರುತ್ತಿತ್ತು, ಅದು ಲೆಚೆ. ಹೊದಿಕೆ ಹಾಕಿ ನಿಲ್ಲಿಸಿದ ಕಾರಿನ ಮೇಲೆ ಯಾರೋ ಗೊರಕೆ ಹೊಡೆಯುತ್ತಿದ್ದರು. ಅದು ಸ್ವೇನ್ಯೊ, ನಿದ್ದೆ. ದಂತವೈದ್ಯರ ಬೋರ್ಡಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಅದು ಅಸೆಯ್ತೆ. ಚಿತ್ರ ಎಷ್ಟು ಅಸಂಬದ್ಧವಾಗಿದ್ದರೆ ಅಷ್ಟು ಒಳ್ಳೆಯದೆಂದು ಅವರ ಅಭಿಪ್ರಾಯ. "ಸಭ್ಯವಾಗಿ ಕೂತಿರೋ ಪದ ಎದ್ದು ಹೋದ್ರೂ ಗೊತ್ತಾಗಲ್ಲ. ಗಲಾಟೆ ಮಾಡ್ಬೇಕು." ಕೆಲವಕ್ಕೆ ಮನೆಯೇ ಬೇಕಾಗಲಿಲ್ಲ. ಮೇಸಾ ಎಂದರೆ ಮೇಜು. ಅದಕ್ಕೊಂದು ಮೀಸೆ ಅಂಟಿಸಿದರೆ ಮುಗಿಯಿತು. ಮಂಚಕ್ಕೆ ಕಾಮಾ ಅನ್ನುತ್ತಾರೆಂದು ಓದಿದ ದಿನ ರಸ್ತೆಯಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಇದನ್ನ ಎಲ್ಲಿಡೋದೇ? ಇದು ಎಲ್ಲಿಟ್ರೂ ನೆನಪಿರತ್ತೆ ಬಿಡು."

ಆ ಭಾಷೆಯಲ್ಲಿ ವಸ್ತುಗಳಿಗೂ ಹೆಣ್ಣು ಗಂಡು ಇದೆ. ಹೆಣ್ಣು ಪದಕ್ಕೆ ಮುಂದೆ ಲಾ, ಗಂಡಿಗೆ ಎಲ್. ಇದು ಎಲ್ಲರನ್ನೂ ಕಾಡುವ ಸಮಸ್ಯೆಯಂತೆ. ಇವರು ಅದನ್ನು ಒಂದೇ ಬೆಳಿಗ್ಗೆ ಬಗೆಹರಿಸಿದರು: ನಮ್ಮ ಗೇಟಿನಿಂದ ಹೊರಟರೆ ಎಡಗಡೆ ಮನೆಗಳೆಲ್ಲಾ ಲಾ, ಬಲಗಡೆಯವೆಲ್ಲಾ ಎಲ್. ನೀರಿನ ವಿಷಯದಲ್ಲಿ ಮಾತ್ರ ಸ್ವಲ್ಪ ತೊಂದರೆಯಾಯಿತು. "ನೀರು ಹೆಣ್ಣಂತೆ, ಆದ್ರೆ ಗಂಡಿನ ಅಂಗಿ ಹಾಕ್ಕೊಂಡು ಓಡಾಡತ್ತಂತೆ. ಮಧ್ಯ ರಸ್ತೇಲೇ ಇರ್ಲಿ, ಹೇಗಿದ್ರೂ ಅಲ್ಲೇ ಹರಿಯೋದು" ಎಂದು ಮ್ಯಾನ್‌ಹೋಲ್ ಮುಚ್ಚಳಕ್ಕೆ ಕೊಟ್ಟರು.

ಇನ್ನೊಂದು ನಿಯಮ: ಪದ ನೆನಪಾಗದಿದ್ದರೆ ನೋಡಿಕೊಳ್ಳುವಂತಿಲ್ಲ, ನನ್ನನ್ನು ಕೇಳುವಂತಿಲ್ಲ. ಆ ಮನೆಯ ಮುಂದೆ ನಿಂತೇ ಇರಬೇಕು. "ಕಷ್ಟಪಟ್ಟು ಹುಡುಕಿದ್ರೆ ಮಾತ್ರ ಅದು ನಮ್ಮದಾಗತ್ತೆ. ಸುಲಭವಾಗಿ ಸಿಕ್ಕಿದ್ದು ಬಾಡಿಗೆದು." ಹಾಗೆ ನಿಂತಾಗ ತುಟಿ ಅಲ್ಲಾಡುತ್ತಿತ್ತು, ಬಲಗೈ ಗಾಳಿಯಲ್ಲಿ ತಂತಿ ಚುಚ್ಚುತ್ತಿತ್ತು.

ಇದು ಜನರ ಕಣ್ಣಿಗೆ ಬೀಳದೆ ಇರುತ್ತದೆಯೇ? ಎದುರು ಮನೆಯಲ್ಲಿ ಒಬ್ಬ ನಿವೃತ್ತ ಇಂಜಿನಿಯರ್ ಇದ್ದಾರೆ. ಒಂದು ದಿನ ಪೇಪರ್ ಮಡಚಿಕೊಂಡು ಗೇಟಿಗೆ ಬಂದರು.

"ಏನಮ್ಮಾ, ದಿನಾ ನಮ್ಮನೆ ಮುಂದೆ ನಿಂತು ಅಳತೆ ತಗೋತಿದೀರಿ. ಬ್ರೋಕರ್ ಕೆಲ್ಸ ಶುರು ಮಾಡಿದೀರಾ? ಮನೆ ಮಾರಲ್ಲ ನಾವು."

"ಅಯ್ಯೋ ಇಲ್ಲ ಸಾರ್. ನಿಮ್ಮ ಗೇಟಿಗೆ ಜ್ವರ ಇಟ್ಟಿದೀನಿ. ಅದು ಇದೆಯಾ ಅಂತ ನೋಡ್ತಿದ್ದೆ."

ಅವರ ಮುಖ ನೋಡಬೇಕಿತ್ತು. ನಾನು ಮಧ್ಯೆ ಹೋಗಿ ವಿವರಿಸಿದೆ: ಇದು ಬರೀ ಪದ, ಫಿಯೆಬ್ರೆ ಅಂತ, ನೆನಪಿಡುವ ಉಪಾಯ. ಅವರಿಗೆ ಎಲ್ಲಾ ಅರ್ಥವಾಯಿತು, ಸಮಾಧಾನವಾಗಲಿಲ್ಲ. "ಅದೆಲ್ಲಾ ಸರಿ. ಆದ್ರೂ ಬೆಳಿಗ್ಗೆ ಎದ್ದು ನಮ್ಮ ಗೇಟು ನೋಡಿ ಜ್ವರ ಜ್ವರ ಅಂತ ಅನ್ಕೊಳೋದು ಬೇಡ. ನಮ್ಮನೇವ್ರಿಗೆ ಮೊದ್ಲೇ ಶುಗರ್ರು. ಬೇರೆ ಏನಾದ್ರೂ ಕೊಡಿ. ಚಿನ್ನಕ್ಕೆ ಏನಂತಾರೆ?"

"ಓರೊ. ಆದ್ರೆ ಚಿನ್ನ ಗಂಡು ಸಾರ್, ಬಲಗಡೆ ಮನೆಯೋರಿಗೆ ಹೋಗತ್ತೆ. ನೀವು ಎಡಗಡೆ. ನಿಮಗೆ ಬರೋದು ಬೆಳ್ಳಿ."

ಇಂಜಿನಿಯರ್ ಸ್ವಲ್ಪ ಯೋಚಿಸಿದರು. "ಬೆಳ್ಳಿ ಆದ್ರೂ ಪರವಾಗಿಲ್ಲ."

ಸುದ್ದಿ ಹಬ್ಬಿತು. ಕ್ರಾಸಿನಲ್ಲಿ ಒಬ್ಬೊಬ್ಬರೇ ತಮ್ಮ ಮನೆಗೆ ಏನಿದೆ ಎಂದು ವಿಚಾರಿಸತೊಡಗಿದರು. ಮಗಳ ಮದುವೆ ಗೊತ್ತಾಗಿದ್ದ ಮನೆಯವರು ಅಳು ಬೇಡವೆಂದರು. ಹೃದಯದ ಆಪರೇಷನ್ ಆದವರ ಮನೆಯಿಂದ ನೋವನ್ನು ತೆಗೆಯಬೇಕಾಯಿತು. ಹೊಸದಾಗಿ ಸೊಸೆ ಬಂದ ಮನೆಗೆ ಭಯವನ್ನಿಡುವುದು ಯಾರಿಗೂ ಸರಿ ಕಾಣಲಿಲ್ಲ. ಇವರಿಗೆ ಒಬ್ಬರ ಮನಸ್ಸು ನೋಯಿಸಿ ಅಭ್ಯಾಸವಿಲ್ಲ. ಬೇಡವಾದ ಪದಗಳನ್ನೆಲ್ಲಾ ತೆಗೆದು, ಯಾರೂ ವಾಸವಿಲ್ಲದ ಮೂಲೆ ಮನೆಗೆ ಸಾಗಿಸಿದರು.

ಆ ಮೂಲೆ ಮನೆ ಅವರ ಹಳೇ ಸ್ನೇಹಿತೆಯೊಬ್ಬರದು. ಆಕೆ ತೀರಿಕೊಂಡ ಮೇಲೆ ಮಕ್ಕಳಿಗೆ ಪಾಲು ಇತ್ಯರ್ಥವಾಗದೆ ಬೀಗ ಬಿದ್ದಿತ್ತು. ಒಳಗಿನ ಪ್ರತಿ ಕೋಣೆಯೂ ಇವರಿಗೆ ಗೊತ್ತು. ಬಚ್ಚಲಿನ ಹಂಡೆಗೆ ಜ್ವರ ಹೋಯಿತು. ಅಡುಗೆಮನೆ ಕಟ್ಟೆಯ ಮೇಲೆ ಹಸಿವು ಕೂತಿತು. ನಡುಮನೆಯ ಕಿಟಕಿಗೆ ಅಳು, ದೇವರ ಕೋಣೆಯ ಕತ್ತಲೆಗೆ ಭಯ, ಮಲಗುವ ಕೋಣೆಗೆ ನೋವು. ಗೇಟಿನ ಹೊರಗೆ ನಿಂತು, ಕಣ್ಣು ಮುಚ್ಚಿ, ಒಂದೊಂದೇ ಕೋಣೆಗೆ ಹೋಗಿ ಬರುತ್ತಿದ್ದರು. ಹೊರಬರುವಾಗ ಮುಖ ಸ್ವಲ್ಪ ಬಾಡಿರುತ್ತಿತ್ತು. "ನಂಗೆ ಬೇಕಾಗಿರೋದೆಲ್ಲಾ ಈ ಮನೇಲೇ ಇದೆ ನೋಡು," ಎಂದರು ಒಮ್ಮೆ. "ಹಾಲು, ಬೆಳ್ಳಿ ವಿಷಯ ಬೀಗಿತ್ತಿ ಹತ್ರ ಯಾಕೆ ಕೇಳ್ಲಿ?"

ಪಾಲು ಇತ್ಯರ್ಥವಾಯಿತು. ಮನೆ ಅಪಾರ್ಟ್‌ಮೆಂಟ್ ಕಟ್ಟುವವರ ಕೈಗೆ ಹೋಯಿತು. ಮಗಳ ಹೆರಿಗೆಗೆ ಇನ್ನು ಕೆಲವೇ ವಾರ. ಇವರ ವೀಸಾ ಬಂದು, ಟಿಕೆಟ್ಟೂ ಆಗಿತ್ತು. ನಾವು ಒಂದು ಬೆಳಿಗ್ಗೆ ಹೋದಾಗ ಆ ಮನೆಗೆ ತಾರಸಿ ಇರಲಿಲ್ಲ. ಮುಂದಿನ ಅರ್ಧ ಹೋಗಿತ್ತು, ಹಿಂದಿನ ಗೋಡೆಗಳು ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದವು. ಕೆಲಸದವರು ಟೀಗೆ ಹೋಗಿದ್ದರು. ಅಡ್ಡ ಕಟ್ಟಿದ್ದ ಹಗ್ಗ ನೆಲಕ್ಕೆ ಬಿದ್ದಿತ್ತು.

ಅವರು ಗೇಟಿನಲ್ಲಿ ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು, ನಿಂತಿತು. ಕೈ ಮೇಲೆದ್ದು ಹಾಗೇ ಗಾಳಿಯಲ್ಲಿ ಉಳಿಯಿತು. ಕಣ್ಣು ಬಿಟ್ಟಾಗ ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಗಾಬರಿಯಿತ್ತು.

"ಒಂದೂ ಬರ್ತಿಲ್ಲ ಕಣೆ. ಅಳೋದಕ್ಕೆ ಏನಂತಾರೆ? ಒಂದೂ ಬರ್ತಿಲ್ಲ."

"ಮನೆಗೆ ಹೋಗಿ ಪುಸ್ತಕದಲ್ಲಿ ನೋಡೋಣ ಆಂಟಿ."

"ಬೇಡ. ಎರಡೇ ನಿಮಿಷ. ಒಳಗೆ ನಿಂತು ಒಂದ್ಸಲ ನೋಡಿ, ಎತ್ಕೊಂಡು ಬಂದ್ಬಿಡ್ತೀನಿ. ಬೇರೆ ಮನೆಗೆ ಹಾಕ್ಕೋಬೋದು."

"ಬೇಡ ಆಂಟಿ. ಗೋಡೆ ನೋಡಿ ಹೇಗಿದೆ."

"ಈ ಗೋಡೆ ನಂಗೆ ಗೊತ್ತಿಲ್ವೇನೇ?" ಎಂದು ಸೀರೆ ನೆರಿಗೆ ಎತ್ತಿ ಹಿಡಿದು ಇಟ್ಟಿಗೆ ರಾಶಿಯ ಮೇಲೆ ಹತ್ತಿಯೇ ಬಿಟ್ಟರು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ತಿಳಿಯದು. ಅವರು ನಡುಮನೆಯಲ್ಲಿ ನಿಂತಿದ್ದಾರೆ. ಕಿಟಕಿಯ ಕಡೆ ಮುಖ. ಮೇಲಿನಿಂದ ಬಿಸಿಲು ತಲೆಯ ಮೇಲೆ ಬಿದ್ದಿದೆ. "ಯೋರಾರ್!" ಎಂದು ಕೂಗಿ ಹೇಳಿದರು, ಖುಷಿಯಿಂದ. ಅಳುವುದು ಎಂಬ ಪದ ಸಿಕ್ಕಿತ್ತು. ದೇವರ ಕೋಣೆಯ ಬಾಗಿಲಿಗೆ ಹೋದರು. ಆಗ ಒಂದು ಸಣ್ಣ ಸದ್ದು, ಮರಳು ಜಾರಿದ ಹಾಗೆ. ಅಡುಗೆಮನೆಯ ಗೋಡೆ ಬಾಗಿತು. ಅದಕ್ಕೆ ಅವಸರವೇ ಇರಲಿಲ್ಲ. ಬಾಗುವುದು ಕಾಣುತ್ತಿತ್ತು, ನನ್ನ ಬಾಯಿಂದ ಸದ್ದು ಹೊರಡುವ ಮುಂಚೆಯೇ ಆ ಗೋಡೆ ಅಲ್ಲಿರಲಿಲ್ಲ. ಆಮೇಲೆ ಧೂಳು. ಧೂಳಿನೊಳಗೆ ಏನೂ ಇಲ್ಲ.

ನಾನು ಓಡಿದೆನೋ ತೆವಳಿದೆನೋ ನೆನಪಿಲ್ಲ. ಕೆಮ್ಮು ಕೇಳಿಸಿತು. ದೇವರ ಕೋಣೆಯ ಬಾಗಿಲ ಚೌಕಟ್ಟು ಹಳೇ ಕಾಲದ ದಪ್ಪ ಮರದ್ದು; ಅದು ಓರೆಯಾಗಿ ಬಿದ್ದು ಅವರ ತಲೆ, ಎದೆಯ ಮೇಲೆ ಗೂಡಿನ ಹಾಗೆ ನಿಂತಿತ್ತು. ಸೊಂಟದ ಕೆಳಗೆಲ್ಲಾ ಇಟ್ಟಿಗೆ. ಸಂದಿಯಿಂದ ಅವರ ಕೈ ಮಾತ್ರ ನನಗೆ ಸಿಕ್ಕಿತು. ಕೆಲಸದವರು ಓಡಿಬಂದರು.

"ಎಳೀಬೇಡಿ ಮೇಡಂ!" ಎಂದು ಮೇಸ್ತ್ರಿ ಕಿರುಚಿದ. "ಪಕ್ಕದ ಗೋಡೆ ಇನ್ನೂ ನಿಂತದೆ. ಅಲ್ಲಾಡಿದ್ರೆ ಅದೂ ಬರ್ತದೆ. ಕಂಬ ಕೊಡ್ತೀವಿ, ಆಮೇಲೆ ತೆಗೆಯೋಣ. ಅಮ್ಮನ್ನ ಮಾತಾಡಿಸ್ತಾ ಇರಿ, ಮಲಗೋಕೆ ಬಿಡ್ಬೇಡಿ."

ಏನು ಮಾತಾಡಿಸುವುದು? ಭರವಸೆಯ ಒಂದು ಮಾತೂ ಬಾಯಿಗೆ ಬರಲಿಲ್ಲ. ಬಂದದ್ದು ರಸ್ತೆ ಮಾತ್ರ.

"ಆಂಟಿ, ವಾಕಿಂಗ್ ಹೊರಟ್ವಿ. ಮೊದಲನೇ ಮನೆ. ಗೇಟಲ್ಲಿ ಏನಿದೆ?"

ಬಹಳ ಹೊತ್ತಿನ ಮೇಲೆ, "ಹಾಲು" ಎಂದರು.

"ಹಾಲು ಬೇಡ. ಬೀಗಿತ್ತಿ ಮಾತಲ್ಲಿ ಹೇಳಿ."

"ಲೆಚೆ."

"ದಂತವೈದ್ಯರ ಬೋರ್ಡು?"

"ಅಸೆ… ಅಸೆಯ್ತೆ. ನಿದ್ದೆ ಬರ್ತಿದೆ ಕಣೆ."

"ನಿದ್ದೆಗೆ ಏನಂತಾರೆ?"

"ಸ್ವೇನ್ಯೊ." ಅವರ ಬೆರಳುಗಳು ನನ್ನ ಅಂಗೈಯಲ್ಲಿ ಸಡಿಲವಾಗುತ್ತಿದ್ದವು. ಇಂಜಿನಿಯರ್ ಮನೆ ಕೇಳಿದೆ. ಉತ್ತರವಿಲ್ಲ. ಮ್ಯಾನ್‌ಹೋಲ್ ಕೇಳಿದೆ. ಉತ್ತರವಿಲ್ಲ. ಹಿಂದೆ ಮರದ ಕಂಬಗಳನ್ನು ಎಳೆಯುವ ಸದ್ದು, ಯಾರೋ ಆಂಬುಲೆನ್ಸಿಗೆ ವಿಳಾಸ ಹೇಳುವ ಸದ್ದು. ನನಗೆ ಆಗ ಹೊಳೆದದ್ದು ಒಂದೇ: ಅವರಿಗೆ ತಪ್ಪನ್ನು ಕೇಳಿಸಿಕೊಂಡು ಸುಮ್ಮನಿರಲು ಬರುವುದಿಲ್ಲ.

"ಆಂಟಿ, ಎಡಗಡೆ ಮನೆಗಳೆಲ್ಲಾ ಎಲ್, ಅಲ್ವಾ? ಬಲಗಡೆ ಲಾ."

ಅವರ ಕೈ ಅದುಮಿ ಮತ್ತೆ ಕೇಳಿದೆ.

"ಬೆಳ್ಳಿ ಗಂಡು, ಚಿನ್ನ ಹೆಣ್ಣು. ಹಂಗೇ ತಾನೇ?"

ಬೆರಳು ಅಲ್ಲಾಡಿತು. ಧೂಳು ತುಂಬಿದ ಗಂಟಲಿನಿಂದ ಒಂದು ಮಾತು ಬಂತು. "ಎಡಗಡೆ… ಲಾ. ದಡ್ಡಿ."

ಬೈಸಿಕೊಂಡು ಅಷ್ಟು ಸಂತೋಷ ನನಗೆ ಜೀವನದಲ್ಲಿ ಆಗಿಲ್ಲ. ಆಮೇಲೆ ಬಿಡಲಿಲ್ಲ. ಬೇಕೆಂದೇ ಎಲ್ಲಾ ಮನೆಗಳನ್ನೂ ಅದಲುಬದಲು ಮಾಡಿದೆ, ಅವರು ಒಂದೊಂದನ್ನೂ ತಿದ್ದಿದರು. ಕಂಬ ಕೊಟ್ಟು, ಇಟ್ಟಿಗೆ ಬಿಡಿಸಿ, ಅವರನ್ನು ಹೊರತೆಗೆಯುವ ತನಕ ನಾವಿಬ್ಬರೂ ಆ ರಸ್ತೆಯಲ್ಲಿ ಓಡಾಡುತ್ತಲೇ ಇದ್ದೆವು.

ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಆಗಿ, ಒಳಗೆ ರಾಡ್ ಹಾಕಿದರು. ಟಿಕೆಟ್ ಹೋಯಿತು. ಪ್ರಜ್ಞೆ ಬಂದ ಮೇಲೆ ಅವರು ನನಗೆ ಹೇಳಿದ ಮೊದಲ ಮಾತು, "ಅವಳಿಗೆ ಹೇಳ್ಬೇಡ. ತುಂಬು ಬಸುರಿ. ಪಾದ ಉಳುಕಿದೆ ಅನ್ನು." ಹಾಗೇ ಹೇಳಿದೆವು. ವಿಡಿಯೋ ಕಾಲ್ ಬಂದರೆ ನೆಟ್ ಸರಿಯಿಲ್ಲವೆಂದು ಮುಖ ಮಾತ್ರ ತೋರಿಸುತ್ತಿದ್ದರು. ಅತ್ತ ಹೆರಿಗೆಯಾಯಿತು. ಹೆಣ್ಣು ಮಗು.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಆ ಮೂಲೆ ಮನೆ ಪೂರ್ತಿ ನೆಲಸಮವಾಯಿತು, ತಗಡಿನ ಬೇಲಿ ಬಂತು. ಆದರೆ ಅಲ್ಲಿದ್ದ ಪದಗಳಲ್ಲಿ ಒಂದನ್ನೂ ಅವರು ಮತ್ತೆ ಮರೆಯಲಿಲ್ಲ. ಬಚ್ಚಲು, ಅಡುಗೆಮನೆ, ದೇವರ ಕೋಣೆ, ಯಾವುದನ್ನು ಕೇಳಿದರೂ ಥಟ್ಟನೆ ಹೇಳುತ್ತಿದ್ದರು. "ಈಗ ಅವಕ್ಕೆ ಮನೆ ಬೇಕಿಲ್ಲ ಕಣೆ," ಎಂದು ತೊಡೆಯ ಮೇಲೆ ಕೈಯಿಟ್ಟು ತೋರಿಸಿದರು, "ಇಲ್ಲೇ ಬಂದು ಕೂತಿವೆ."

ಮುಂದೆ ಅವರು ಕೋಲೂರಿಕೊಂಡು ವಿಮಾನ ಹತ್ತಿದರು. ಈಗಲೂ ಅಲ್ಲೇ ಇದ್ದಾರೆ. ಕೆಳಗಿನ ಮನೆಗೆ ಬೀಗ ಹಾಕಿದೆ. ನಾನು ದಿನಾ ಬೆಳಿಗ್ಗೆ ಅದೇ ಕ್ರಾಸಿನಲ್ಲಿ ನಡೆಯುತ್ತೇನೆ, ತಗಡಿನ ಬೇಲಿಯ ಮುಂದೆಯೂ ನಡೆಯುತ್ತೇನೆ. ಆದರೆ ಅವರನ್ನು ನೆನೆದಾಗ ಗೋಡೆಯ ಬದಲು ನನ್ನ ಕಣ್ಣಿಗೆ ಬರಬೇಕಾದದ್ದು ಅವರು ಹೋಗುವುದಕ್ಕೆ ಮುಂಚಿನ ಒಂದು ಮಧ್ಯಾಹ್ನ.

ನಾನು ಕಾಲೇಜಿನಿಂದ ಬಂದು ಅವರ ಕೋಣೆಗೆ ಹೋದೆ. ದಿಂಬಿಗೆ ಒರಗಿ ಫೋನು ನೋಡುತ್ತಾ ಕೂತಿದ್ದರು. ಆಗಷ್ಟೇ ಮಗಳು ಮಾತಾಡಿದ್ದಳು.

"ಚೆನ್ನಾಗಿದೀನಿ ಅಂದ್ಲು," ಎಂದರು. "ಆ ಧ್ವನಿ ನಂಗೊತ್ತು. ಟ್ರಂಕ್ ಕಾಲ್ ಬುಕ್ ಮಾಡಿ, ಲೈನ್ ಸಿಕ್ಕಿದ ಮೇಲೆ, ಎಲ್ಲಾ ಕ್ಷೇಮ ಅಂತ ಮಾತ್ರ ಹೇಳಿ ಇಟ್ಬಿಡೋರು ಇದ್ರು. ಇಟ್ಟ ಮೇಲೆ ಅಳೋರು. ಬೀಗಿತ್ತಿಗೆ ಫೋನ್ ಹಾಕು. ಅಲ್ಲಿ ಈಗ ಬೆಳಿಗ್ಗೆ, ಅಂಗಡೀಲಿರ್ತಾರೆ."

ಸ್ಪೀಕರ್ ಹಾಕಿದೆ. ಮೀನಿನ ಅಂಗಡಿಯ ಗದ್ದಲ, ನೀರು ಎರಚುವ ಸದ್ದು, ಒಂದು ದಪ್ಪ ಧ್ವನಿ. ಇವರು ಬೆನ್ನು ನೆಟ್ಟಗೆ ಮಾಡಿದರು.

"ಸೆನ್ಯೋರಾ. ಮಿ ಇಹಾ… ಕೋಮೆ?" ನನ್ನ ಮಗಳು ಊಟ ಮಾಡ್ತಾಳಾ?

ಅತ್ತ ಗದ್ದಲ ದೂರವಾಯಿತು. ಬೀಗಿತ್ತಿ ಫೋನು ಹಿಡಿದು ಹೊರಗೆ ಬಂದಿರಬೇಕು. "ಪೋಕೊ," ಎಂದರು. ಸ್ವಲ್ಪವೇ ಸ್ವಲ್ಪ.

"ಯೋರಾ?" ಅಳ್ತಾಳಾ?

"ಸಿ." ಹೌದು. ಆಮೇಲೆ ರಾತ್ರಿಯೆಲ್ಲಾ ಎಂಬರ್ಥದ ಏನೋ ಒಂದು ಮಾತು.

"ಫಿಯೆಬ್ರೆ?"

"ನೋ."

"ಮಿಯೆದೊ?" ಭಯ?

ಬೀಗಿತ್ತಿ ಈಗ ತಡೆಯಿಲ್ಲದೆ ಮಾತಾಡಿದರು. ಇವರು "ದೆಸ್ಪಾಸಿಯೊ, ದೆಸ್ಪಾಸಿಯೊ" ಎಂದು ನಿಧಾನಿಸಲು ಬೇಡಿಕೊಂಡರು. ಆಕೆ ಒಂದೊಂದೇ ಪದ ಬಿಡಿಸಿ ಮತ್ತೆ ಹೇಳಿದರು, ಮಕ್ಕಳಿಗೆ ತುತ್ತು ಕೊಡುವ ಹಾಗೆ. ಇವರ ಕೈ ನಿಧಾನವಾಗಿ ಬಾಯಿಗೆ ಹೋಯಿತು. ನನ್ನ ಕಡೆ ತಿರುಗಿ ಪಿಸುಗುಟ್ಟಿದರು: "ಮಗೂನ ಎತ್ಕೊಳೋಕೇ ಹೆದರ್ತಾಳಂತೆ. ಆಕೇನೇ ನೋಡ್ಕೊಳ್ತಿದಾರಂತೆ. ಯಾರಿಗೂ ಹೇಳ್ಬೇಡಿ ಅಂದಿದಾಳಂತೆ."

ಅತ್ತ ಕಡೆಯಿಂದ ಪ್ರಶ್ನೆ ಬಂತು. ನೀವು? ನೀವ್ಯಾವಾಗ ಬರ್ತೀರಿ?

ಅವರು ಕಾಲು ನೋಡಿಕೊಂಡರು. "ಲಾ ವೆರ್ದಾದ್," ಎಂದರು. ನಿಜ ಹೇಳ್ತೀನಿ ಎನ್ನುವ ಹಾಗೆ. "ಲಾ ಪಿಯೆರ್ನಾ. ರೋತಾ." ಕಾಲು ಮುರಿದಿದೆ.

ಬೀಗಿತ್ತಿ ಉಸಿರೆಳೆದುಕೊಂಡದ್ದು ಕೇಳಿಸಿತು. ನಿಮ್ಮ ಮಗಳಿಗೆ ಗೊತ್ತಾ ಎಂದು ಕೇಳಿದರು. "ನೋ," ಎಂದರು ಇವರು. ಆಗ ಆಕೆ ಒಂದು ಸಣ್ಣ ಮಾತು ಹೇಳಿದರು. ಬೈಗುಳವಲ್ಲ, ಸಮಾಧಾನವೂ ಅಲ್ಲ. ಇವರು ಅದನ್ನು ಕೇಳಿ, ಗ್ರಾಸಿಯಾಸ್ ಎಂದು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು.

"ಏನಂದ್ರು ಆಂಟಿ?"

"ಅವಳೂ ಹೇಳಲ್ಲ, ನೀವೂ ಹೇಳಲ್ಲ ಅಂದ್ರು." ಸೆರಗಿನಿಂದ ಮುಖ ಒರೆಸಿಕೊಂಡರು. "ಮಗಳಿಗೆ ಫೋನ್ ಹಾಕು."

"ಈಗ್ಲೇನಾ?"

"ಇನ್ಯಾವಾಗ?"

ಮಗಳು ಒಂದೇ ರಿಂಗಿಗೆ ಎತ್ತಿದಳು. "ಹೇಳಮ್ಮ. ಏನಾಯ್ತು ಮತ್ತೆ ಮಾಡಿದೆ? ನಾನು ಚೆನ್ನಾಗಿದೀನಿ, ಮಗು ಮಲಗಿದೆ."

"ನಾನು ಚೆನ್ನಾಗಿಲ್ಲ ಕಣೆ," ಎಂದರು ಅವರು.

ದಿಂಬು ಬಿಟ್ಟು ಮುಂದಕ್ಕೆ ಬಾಗಿ ಫೋನನ್ನು ಹತ್ತಿರ ಎಳೆದುಕೊಂಡರು.

"ಪಾದ ಉಳುಕಿದೆ ಅಂದಿದ್ದು ಸುಳ್ಳು. ಗೋಡೆ ಬಿತ್ತು ಮೇಲೆ. ತೊಡೆ ಮುರಿದಿದೆ, ಒಳಗೆ ರಾಡ್ ಹಾಕಿದಾರೆ. ರಾತ್ರಿ ನೋವಿಗೆ ಅಳು ಬರತ್ತೆ, ಒಬ್ಬಳೇ ಅಳ್ತೀನಿ. ನಿಂಗೆ ಹೇಳ್ಬಾರ್ದು ಅಂತಿದ್ದೆ, ಈಗ ಹೇಳ್ದೆ. ನಡೀತೀನಿ, ಬಂದೇ ಬರ್ತೀನಿ, ಅದು ಬಿಡು. ಈಗ ನೀನು ಹೇಳು."

ಸದ್ದಿಲ್ಲ. ಲೈನ್ ಕಟ್ಟಾಯಿತೆಂದು ನಾನು ಫೋನಿಗೆ ಕೈ ಚಾಚಿದೆ. ಅವರು ನನ್ನ ಕೈ ತಡೆದು, ತುಟಿಯ ಮೇಲೆ ಬೆರಳಿಟ್ಟರು. ಕಾದರು. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ.

"ಅಮ್ಮಾ," ಎಂದಿತು ಆ ಕಡೆಯ ಧ್ವನಿ, ಬೇರೆ ಯಾರದೋ ಎನ್ನುವಷ್ಟು ಸಣ್ಣಗೆ. "ಮಗೂನ ಎತ್ಕೊಳಕ್ಕೆ ನಂಗೆ ಭಯ ಆಗತ್ತಮ್ಮ."

"ಹೂಂ," ಎಂದರು ಅವರು. "ಹೇಳು."